ಅಜ್ಜಿಗೆ ಕನ್ನಡ, ಮಕ್ಕಳಿಗೆ ಮಲಯಾಳ, ಇಂಗ್ಲಿಷ್: ಆರೂ ಜನ ಒಟ್ಟಿಗೆ ಆಡುವ ಬೋರ್ಡ್ ಗೇಮ್ ಯಾವುದು?

ಕುಂಬಳೆ_ಕಡಲು
ಮಳೆಗಾಲ ಹಿಡಿಯಿತು. ಸಂಜೆ ಆರು ಕಳೆದ ಮೇಲೆ ಕರೆಂಟು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಲೂಡೋ, ಹಾವು ಏಣಿ, ಕೇರಂ ಸಾಕಾಯ್ತು. ಆಡುವವರು ಆರು ಜನ: ಅಜ್ಜಿ (ಓದುವುದು ಕನ್ನಡ ಮಾತ್ರ), ಗಂಡ ಹೆಂಡತಿ, ಭಾವ, 12ರ ಹುಡುಗಿ, 7ರ ಹುಡುಗ. ಮಕ್ಕಳು ಮಲಯಾಳ, ಇಂಗ್ಲಿಷ್ ಸಲೀಸಾಗಿ ಓದ್ತಾರೆ, ಕನ್ನಡ ಅಕ್ಷರ ಕೂಡಿಸಿಕೊಂಡು. ಬಜೆಟ್ ಮೂರು ಸಾವಿರ. ನೆಟ್ಟಲ್ಲಿ ನೋಡಿದರೆ ಎಲ್ಲರೂ ಕಟಾನ್, ಕಟಾನ್ ಅಂತಾರೆ. ಅದನ್ನೇ ತರಿಸಬಹುದಾ?

ಮೀಪಲ್_ಮಂಜೇಶ್ವರ
ಮೊದಲನೇ ಆಟವಾಗಿ ಕಟಾನ್ ಬೇಡ. ದಾಳ ಹಾಕಿ ಇಟ್ಟಿಗೆ, ಕುರಿಯಂಥ ಕಾರ್ಡು ಕೂಡಿಸಿ ಊರು ಕಟ್ಟುವ ಆಟ ಅದು, ಕೆಟ್ಟದ್ದು ಅಂತಲ್ಲ. ಮೂಲ ಪೆಟ್ಟಿಗೆಯಲ್ಲಿ ನಾಲ್ಕೇ ಜನರಿಗೆ ಸಾಮಾನು ಇರುವುದು. ಐದು, ಆರು ಜನ ಕೂರಬೇಕಾದರೆ ಹೆಚ್ಚುವರಿ ಪೆಟ್ಟಿಗೆ ಬೇರೆ ತರಿಸಬೇಕು.

ಆಮೇಲೆ ಆ 7ರ ಕಾಟ. ಎರಡು ದಾಳ ಹಾಕಿದರೆ ಅತಿ ಹೆಚ್ಚು ಬೀಳುವ ಮೊತ್ತ 7, 36ರಲ್ಲಿ 6 ಸಲ. ಅದು ಬಿದ್ದಾಗ ಕೈಯಲ್ಲಿ ಏಳಕ್ಕಿಂತ ಹೆಚ್ಚು ಕಾರ್ಡು ಇದ್ದವರು ಅರ್ಧ ಬಿಟ್ಟುಕೊಡಬೇಕು. ಮೇಲಿಂದ ಕಳ್ಳನ ಕಾಯಿ ಯಾರದ್ದಾದರೂ ಜಾಗದಲ್ಲಿ ಕೂತು ಅಲ್ಲಿನ ಉತ್ಪತ್ತಿ ನಿಲ್ಲಿಸ್ತದೆ. ಏಳು ವರ್ಷದವನು ಒಂದು ಪಟ್ಟಣಕ್ಕೆ ಅಂತ ಕೂಡಿಟ್ಟದ್ದು ಹೋದರೆ ಆಟ ಅಲ್ಲಿಗೇ ನಿಂತಿತು.

ಇನ್ನು 25 ಡೆವಲಪ್‌ಮೆಂಟ್ ಕಾರ್ಡು (ಆಟದ ನಡುವೆ ಕೊಳ್ಳುವ ಗುಟ್ಟಿನ ಕಾರ್ಡು). ಅದರಲ್ಲಿ ಇಂಗ್ಲಿಷ್ ಬರಹ. ಗುಟ್ಟಾಗಿ ಹಿಡಿಯಬೇಕಾದ ಕಾರ್ಡನ್ನು ಅಜ್ಜಿ "ಇದೆಂತ ಬರ್ದದ್ದು ಮಗಾ" ಅಂತ ತೋರಿಸಿದರೆ ಮತ್ತೆ ಗುಟ್ಟು ಎಲ್ಲಿಯದ್ದು?

ಟಾಪ್ ಟೆನ್ ಪಟ್ಟಿ ನೋಡಿ ಆಟ ಹುಡುಕಬೇಡಿ, ನಿಮ್ಮ ಜಗಲಿಯಲ್ಲಿ ಕೂರುವವರನ್ನು ನೋಡಿ ಹುಡುಕಿ. ಗುಟ್ಟಿನ ಕಾರ್ಡಿನಲ್ಲಿ ಬರಹ ಉಂಟಾ, ಆರು ಜನರಿಗೆ ಆಗ್ತದಾ, ನನ್ನ ಸರದಿ ತಿರುಗಿ ಬರಲಿಕ್ಕೆ ಎಷ್ಟು ಹೊತ್ತು ಕಾಯಬೇಕು, ಇಷ್ಟು ಕೇಳಿಕೊಂಡರೆ ಅರ್ಧಕ್ಕರ್ಧ ಆಟ ತಾನಾಗಿ ಬಿಟ್ಟು ಹೋಗ್ತದೆ.

ಪೆರ್ಲದವ
ಕಟಾನ್‌ಗೆ ಇಷ್ಟು ಬೈಯಬೇಡಿ ಮಾರಾಯ್ರೆ. 1995ರಿಂದ ಜನ ಆಡ್ತಾ ಇರುವುದು ಸುಮ್ಮನೆಯಾ? ಅದರ ಜೀವ ಇರುವುದು ಚೌಕಾಸಿಯಲ್ಲಿ. "ಒಂದು ಕುರಿಗೆ ಒಂದು ಇಟ್ಟಿಗೆ ಕೊಡು" ಅನ್ನಲಿಕ್ಕೆ ಇಂಗ್ಲಿಷ್ ಬೇಕಾ? ಮೀನು ಮಾರ್ಕೆಟಿನಲ್ಲಿ ಚರ್ಚೆ ಮಾಡಿ ಗೊತ್ತಿದ್ದ ಅಜ್ಜಿಯಂದಿರು ಎಲ್ಲರನ್ನೂ ಬೋಳಿಸಿ ಕಳಿಸ್ತಾರೆ.

ಡೆವಲಪ್‌ಮೆಂಟ್ ಕಾರ್ಡು 25ರಲ್ಲಿ 14 ಸೈನಿಕ, 5 ನೇರ ಪಾಯಿಂಟು. ಓದಬೇಕಾದ್ದು ಉಳಿದ 6 ಮಾತ್ರ, ಅದೂ ಮೂರು ಬಗೆ, ಎರಡೆರಡು. ಮೂರು ಚಿತ್ರ ನೆನಪಿಡಲಿಕ್ಕೆ ಏನು ಕಷ್ಟ?

ಮೀಪಲ್_ಮಂಜೇಶ್ವರ
ಲೆಕ್ಕ ಸರಿ, ಒಪ್ಪಿದೆ. ಆದರೆ ಆರು ಜನರನ್ನು ನಾಲ್ಕು ಬಣ್ಣದಲ್ಲಿ ಹೇಗೆ ಕೂರಿಸ್ತೀರಿ?

ಪೆರ್ಲದವ
ಜೋಡಿ ಮಾಡಿ. ಅಜ್ಜಿ + ಹುಡುಗ ಒಂದು ಬಣ್ಣ.

ಬದಿಯಡ್ಕ_ಬಸ್ಸು
ಜೋಡಿ ಮಾಡುವುದು ಒಳ್ಳೆ ಉಪಾಯವೇ, ಎಲ್ಲಾ ಆಟಕ್ಕೆ ಅಲ್ಲ. ಎಲ್ಲವೂ ಮೇಜಿನ ಮೇಲೆ ಬಿಚ್ಚಿಟ್ಟಿರುವ ಆಟದಲ್ಲಿ ಜೋಡಿ ಚಂದ. ಕಾರ್ಕಸಾನ್ ನೋಡಿ: ರಸ್ತೆ, ಕೋಟೆ, ಹುಲ್ಲು, ಮಠದ ಚಿತ್ರ ಇರುವ 72 ಚೌಕ ಬಿಲ್ಲೆ, ಸರದಿಗೆ ಒಂದು ಎತ್ತುವುದು, ಅಂಚಿಗೆ ಅಂಚು ಹೊಂದುವಲ್ಲಿ ಇಡುವುದು, ಬೇಕಾದರೆ ಅದರ ಮೇಲೆ ಒಂದು ಮರದ ಗೊಂಬೆ ನಿಲ್ಲಿಸುವುದು. ಬರಹ ಒಂದಕ್ಷರ ಇಲ್ಲ, ಗುಟ್ಟೂ ಇಲ್ಲ. "ಇಲ್ಲಿಡು, ಅಲ್ಲಿಡು" ಅಂತ ಅಜ್ಜಿ ಮೊಮ್ಮಗ ಬಾಯಿಬಿಟ್ಟು ಮಾತಾಡಿದರೂ ನಷ್ಟ ಇಲ್ಲ. ಐದು ಬಣ್ಣ ಉಂಟು, ಒಂದೇ ಜೋಡಿ ಮಾಡಿದರೆ ಆರೂ ಜನ ಕೂತ ಹಾಗಾಯ್ತು.

ಮೊದಲ ನಾಲ್ಕೈದು ಆಟಕ್ಕೆ ರೈತರ ಲೆಕ್ಕ ಬಿಟ್ಟುಬಿಡಿ. ಹುಲ್ಲಿನ ಮೇಲೆ ಮಲಗಿಸಿದ ಗೊಂಬೆಯೇ ರೈತ, ಅದು ಆಟ ಮುಗಿಯುವವರೆಗೆ ಏಳುವುದಿಲ್ಲ. ಕಡೆಗೆ ಆ ಹುಲ್ಲಿಗೆ ತಾಗಿದ, ಪೂರ್ತಿಯಾದ ಪ್ರತಿ ಕೋಟೆಗೆ 3 ಪಾಯಿಂಟು. ಹೊಸಬರು ಜಗಳ ಮಾಡುವುದು ಅಲ್ಲೇ, ಯಾವ ಹುಲ್ಲು ಯಾವುದರ ಜೊತೆ ಸೇರಿತು ಅಂತ. ಅದನ್ನು ಬಿಟ್ಟರೆ ಉಳಿದದ್ದು ಬಾಯಿಪಾಠ: ರಸ್ತೆಗೆ ಬಿಲ್ಲೆಗೊಂದು, ಮುಗಿದ ಕೋಟೆಗೆ ಬಿಲ್ಲೆಗೆರಡು, ಗುರಾಣಿ ಚಿತ್ರ ಇದ್ದರೆ ಅದಕ್ಕೆ ಇನ್ನೆರಡು, ಮಠಕ್ಕೆ ಸುತ್ತ ಎಂಟೂ ತುಂಬಿದರೆ ಒಂಬತ್ತು.

ಅಡಿಕೆಸಿಪ್ಪೆ
ಇದಕ್ಕೆಲ್ಲ ಮೂರು ಸಾವಿರ ಯಾಕೆ, ಅಟ್ಟದ ಮೇಲೆ ಚೆನ್ನೆಮಣೆ ಇಲ್ಲವಾ? 14 ಗುಳಿ, ಗುಳಿಗೆ ನಾಲ್ಕು ಕಾಯಿ. ಮಳೆಗಾಲದ ಆಟಿ ತಿಂಗಳಿಗೆ ಅದಕ್ಕಿಂತ ಗಮ್ಮತ್ತು ಎಂತ ಉಂಟು!

ಉಪ್ಪಳ_ಗೇಟ್
ಚೆನ್ನೆ ಇಬ್ಬರ ಆಟ ಭಾವ. ಉಳಿದ ನಾಲ್ಕು ಜನ ಎಂತ, ಮಳೆ ಎಣಿಸುವುದಾ?

ಅಡಿಕೆಸಿಪ್ಪೆ
ಹೌದು, ಅದು ಸರಿ. 😄 ಆದರೂ ಗುಳಿಗೆ ಕಾಯಿ ಬಿತ್ತುವ ಲೆಕ್ಕ ಕೈಗೆ ಹತ್ತಿದ ಅಜ್ಜಿಗೆ ಹೊಸ ಆಟ ಯಾವುದೂ ಕಷ್ಟ ಆಗ್ಲಿಕ್ಕಿಲ್ಲ. ಅವರನ್ನು ಸಣ್ಣ ಮಗುವಿನ ಜೊತೆ ಜೋಡಿ ಮಾಡಿ ಮೂಲೆಗೆ ಕೂರಿಸಬೇಡಿ, ಅಷ್ಟೇ ನಾನು ಹೇಳುವುದು.

ಲೆಕ್ಕದ_ಮಾಸ್ತರ್
ಅಡಿಕೆಸಿಪ್ಪೆಯವರ ಕಡೆಯ ಮಾತಿಗೆ ನನ್ನದೊಂದು ಮತ.

ನಿಮ್ಮ ಮನೆಗೆ ಮೊದಲು ಬೇಕಾದ್ದು 6 ನಿಮ್ಟ್ ಅನ್ನುವ ಕಾರ್ಡಿನ ಆಟ. ಜರ್ಮನಿಯ ವೋಲ್ಫ್‌ಗಾಂಗ್ ಕ್ರಾಮರ್ ಮಾಡಿದ್ದು, 1994. 1ರಿಂದ 104ರವರೆಗೆ ಅಂಕಿ ಇರುವ 104 ಕಾರ್ಡು, ಬೇರೇನೂ ಇಲ್ಲ. ಎರಡರಿಂದ ಹತ್ತು ಜನ. ಕ್ಯಾಲೆಂಡರಿನ ತಾರೀಕು ಓದಲು ಬಂದರೆ ಸಾಕು.

ಒಬ್ಬೊಬ್ಬರಿಗೆ 10 ಕಾರ್ಡು ಹಂಚಿ. ನಡುವೆ 4 ಕಾರ್ಡು ಒಂದರ ಕೆಳಗೊಂದು ಬಿಚ್ಚಿಡಿ, ಅವೇ ನಾಲ್ಕು ಸಾಲಿನ ತಲೆ. ಎಲ್ಲರೂ ಒಂದೊಂದು ಕಾರ್ಡನ್ನು ಕವುಚಿ ಇಟ್ಟು ಒಟ್ಟಿಗೆ ತಿರುಗಿಸುವುದು. ಸಣ್ಣ ಅಂಕಿಯದ್ದು ಮೊದಲು ಸಾಲು ಸೇರ್ತದೆ. ಯಾವ ಸಾಲು? ಸಾಲಿನ ಕೊನೆಯ ಕಾರ್ಡು ನಿಮ್ಮದಕ್ಕಿಂತ ಸಣ್ಣದಿರಬೇಕು, ಅಂಥವುಗಳಲ್ಲಿ ಅತಿ ಹತ್ತಿರದ್ದು. ಇದರಲ್ಲಿ ಆಯ್ಕೆ ಇಲ್ಲ. ಸಾಲಿನಲ್ಲಿ ಐದು ಆಗಿ ನಿಮ್ಮದು ಆರನೆಯದಾದರೆ ಆ ಐದೂ ನಿಮಗೆ, ನಿಮ್ಮ ಕಾರ್ಡು ಹೊಸ ಸಾಲಿನ ತಲೆ. ನಿಮ್ಮದು ನಾಲ್ಕೂ ಕೊನೆಗಳಿಗಿಂತ ಸಣ್ಣದಾದರೆ ಯಾವುದಾದರೂ ಒಂದು ಸಾಲು ಎತ್ತಿಕೊಳ್ಳಬೇಕು. ಯಾವುದನ್ನು ಅನ್ನುವುದು ನಿಮ್ಮ ಇಷ್ಟ.

ಎತ್ತಿದ ಕಾರ್ಡು ಕೈಗೆ ಸೇರುವುದಿಲ್ಲ, ಪಕ್ಕದಲ್ಲಿ ಬೇರೆ ಕಟ್ಟು. ಹೆಚ್ಚಿನವರು ತಪ್ಪುವುದು ಇಲ್ಲಿಯೇ ಅಂತ ಕಾಣ್ತದೆ.

ಕಾರ್ಡಿನಲ್ಲಿ ಎತ್ತಿನ ತಲೆ ಚಿತ್ರ ಇರ್ತದೆ, ಅದು ದಂಡ. 5ರಲ್ಲಿ ಮುಗಿಯುವುದಕ್ಕೆ 2, ಸೊನ್ನೆಯಲ್ಲಿ ಮುಗಿಯುವುದಕ್ಕೆ 3, ಒಂದೇ ಅಂಕಿ ಎರಡು ಸಲ ಬಂದದ್ದಕ್ಕೆ (11, 22, 33…) 5, ಉಳಿದದ್ದಕ್ಕೆ 1. ಯಾರಿಗಾದರೂ ದಂಡ 66 ದಾಟಿದಾಗ ಆಟ ಮುಗಿಯಿತು, ಕಡಮೆ ಇದ್ದವರು ಗೆದ್ದರು.

ಮುಳ್ಳೇರಿಯ_ಮಳೆ
55 ಬಿಟ್ಟಿರಿ ಮಾಸ್ಟ್ರೇ. ಅದು 5ರಲ್ಲೂ ಮುಗೀತದೆ, ಜೋಡಿ ಅಂಕಿಯೂ ಹೌದು. ಅದಕ್ಕೆ 5 + 2 = 7 ತಲೆ.

ಲೆಕ್ಕದ_ಮಾಸ್ತರ್
ಸರಿ, ತಪ್ಪಾಯ್ತು. 55ಕ್ಕೆ 7. 104 ಕಾರ್ಡಿಗೂ ಸೇರಿ 171 ತಲೆ.

ಉಪ್ಪಳ_ಗೇಟ್
104 ಅಂದರೆ ಎರಡು ಕಟ್ಟು ಇಸ್ಪೀಟು! 52 + 52. ಜೋಕರ್ ತೆಗೆದಿಡಿ, ಎಲೆ ಮೇಲೆ ಮಾರ್ಕರಿನಲ್ಲಿ ನಂಬರ್ ಬರೀರಿ, ಮುಗೀತು. ಆಟ ಖರೀದಿಯೇ ಬೇಡ.

ಕುಂಬಳೆ_ಕಡಲು
ಅಬ್ಬಾ! ಇದು ಆಗ್ತದೆ. ನಾಳೆಯೇ.

ಮುಳ್ಳೇರಿಯ_ಮಳೆ
ನಾಳೆಯೇ ಬರೆಯಬೇಡಿ, ಸ್ವಲ್ಪ ನಿಲ್ಲಿ. ಇಸ್ಪೀಟು ಎಲೆಯ ಮೂಲೆಯಲ್ಲಿ ಮೊದಲೇ 7, 9 ಅಂತ ಅಚ್ಚಾಗಿರ್ತದೆ. ಕೈಯಲ್ಲಿ ಬೀಸಣಿಗೆ ಹಾಗೆ ಹಿಡಿದಾಗ ಕಾಣುವುದು ಆ ಮೂಲೆ ಮಾತ್ರ. ನೀವು ನಡುವಿನಲ್ಲಿ 43 ಅಂತ ಬರೆದರೂ ಹುಡುಗ ಓದುವುದು 7 ಅಂತ. ಬಿಳಿ ಸ್ಟಿಕ್ಕರ್ ಅಂಟಿಸಿದರೆ ಮಳೆಗಾಲದಲ್ಲಿ ಅಂಟು ಮೆತ್ತಗಾಗಿ ಅಂಚಿಗೆ ಜಾರ್ತದೆ, ಎಲೆ ಎಲೆ ಹಿಡ್ಕೊಳ್ತದೆ. ಪ್ಲಾಸ್ಟಿಕ್ ಎಲೆಯ ಮೇಲೆ ಮಾರ್ಕರ್ ಉಜ್ಜಿ ಹೋಗ್ತದೆ.

ಸ್ಲೀವ್ (ಎಲೆ ತೂರಿಸುವ ಪಾರದರ್ಶಕ ಪ್ಲಾಸ್ಟಿಕ್ ಲಕೋಟೆ) ಹಾಕುವುದು ಒಳ್ಳೆಯದು. ಅಗಲದ ಪೋಕರ್ ಎಲೆ ಸುಮಾರು 63×88 ಮಿ.ಮೀ., ಅದಕ್ಕೆ 63.5×88ರ ಸ್ಲೀವ್ ಸರಿಯಾಗ್ತದೆ. ಸಪೂರದ ಬ್ರಿಜ್ ಎಲೆ 57×89, ಇದರೊಳಗೆ ಆಚೀಚೆ ಅಲ್ಲಾಡ್ತದೆ. ಅಂಗಡಿಗೆ ಹೋಗುವಾಗ ಸ್ಕೇಲ್ ತಕ್ಕೊಂಡು ಹೋಗಿ. ಎಲೆಯ ಮುಂದೆ ಅದೇ ಅಳತೆಗೆ ಕತ್ತರಿಸಿದ ಬಿಳಿ ಕಾಗದ ಇಡಿ, ಅದರಲ್ಲಿ ಅಂಕಿ, ಎತ್ತಿನ ತಲೆ ಎಷ್ಟು ಅಂತಲೂ. ಅಂಟೂ ಬೇಡ, ತಪ್ಪಿದರೆ ಕಾಗದ ಬದಲಿಸಿದರಾಯ್ತು. ಎರಡು ಕಟ್ಟಿನ ಬೆನ್ನಿನ ಬಣ್ಣ ಒಂದೇ ಇರಲಿ, ಇಲ್ಲದಿದ್ದರೆ ಕವುಚಿ ಇಟ್ಟದ್ದು ದೊಡ್ಡದೋ ಸಣ್ಣದೋ ಅಂತ ಎಲ್ಲರಿಗೂ ಗೊತ್ತಾಗ್ತದೆ.

ಲೆಕ್ಕದ_ಮಾಸ್ತರ್
ಆರು ಜನರಿಗೆ 104 ಪೂರ್ತಿ ಬೇಕಾಗಿಯೂ ಇಲ್ಲ. ಒಬ್ಬೊಬ್ಬರಿಗೆ 10ರಂತೆ 60, ನಡುವೆ 4: ಒಟ್ಟು 64. 1ರಿಂದ 64ರವರೆಗೆ ಮಾತ್ರ ಇಟ್ಟುಕೊಂಡು ಆಡುವ ಕ್ರಮವೂ ಉಂಟು, ಆಗ ಯಾರ ಕೈಯಲ್ಲಿ ಎಂತ ಇರಬಹುದು ಅಂತ ಊಹಿಸಲಿಕ್ಕೆ ಬರ್ತದೆ. 12ರ ಹುಡುಗಿಗೆ ಅದು ಹೆಚ್ಚು ರುಚಿಸೀತು. ಈ 64 ಕಾರ್ಡಿನ ಎತ್ತಿನ ತಲೆ ಒಟ್ಟು 103. ಬರೆದಾದ ಮೇಲೆ ಕೂಡಿಸಿ ನೋಡಿ, ತಪ್ಪಿದ್ದರೆ ಸಿಕ್ಕಿಬೀಳ್ತದೆ. 100 ಸ್ಲೀವಿನ ಒಂದು ಕಟ್ಟೇ ಸಾಕು.

ಹುಡುಗನಿಗೆ 66ರ ತನಕ ಎಳೆಯಬೇಡಿ. ಎರಡು ಸುತ್ತು ಆಡಿ ಯಾರಿಗೆ ಕಡಮೆಯೋ ಅವರು ಗೆದ್ದರು ಅನ್ನಿ.

ಪೆರ್ಲದವ
ಹಾಗಾದರೆ ಮೂರು ಸಾವಿರ ಹಾಗೇ ಉಳಿಯಿತು. ಈಗ ಕಟಾನ್…

ಬದಿಯಡ್ಕ_ಬಸ್ಸು
ಬಿಡ್ಲಿಕ್ಕಿಲ್ಲ ಇವರು. 😂

ಮೀಪಲ್_ಮಂಜೇಶ್ವರ
ಉಳಿದ ದುಡ್ಡಿಗೆ ಡಿಕ್ಸಿಟ್ ನೋಡಿ. 84 ಚಿತ್ರದ ಕಾರ್ಡು, ಬರಹವೇ ಇಲ್ಲ. ಹಳೆಯ ಪೆಟ್ಟಿಗೆ 3ರಿಂದ 6 ಜನಕ್ಕೆ. ಕೈಯಲ್ಲಿ ಆರಾರು ಚಿತ್ರ. ಒಬ್ಬರು ತನ್ನ ಒಂದು ಚಿತ್ರಕ್ಕೆ ಒಂದು ಮಾತು ಹೇಳ್ತಾರೆ: ಗಾದೆ, ಯಕ್ಷಗಾನದ ಪದ, ಒಂದು ಶಬ್ದ, ಯಾವ ಭಾಷೆಯಾದರೂ. ಉಳಿದವರು ಆ ಮಾತಿಗೆ ಹೊಂದುವ ತಮ್ಮದೊಂದು ಚಿತ್ರ ಗುಟ್ಟಾಗಿ ಕೊಡ್ತಾರೆ. ಎಲ್ಲವನ್ನೂ ಕಲಸಿ ಬಿಚ್ಚಿಟ್ಟ ಮೇಲೆ ಮೂಲ ಚಿತ್ರ ಯಾವುದು ಅಂತ ಹೇಳಬೇಕು.

ಪಾಯಿಂಟಿನ ಲೆಕ್ಕದಲ್ಲಿಯೇ ಇರುವುದು ಆಟದ ಮರ್ಮ. ಎಲ್ಲರೂ ಕಂಡುಹಿಡಿದರೆ ಅಥವಾ ಯಾರಿಗೂ ಸಿಗದಿದ್ದರೆ ಮಾತು ಹೇಳಿದವರಿಗೆ 0, ಉಳಿದವರಿಗೆ ತಲಾ 2. ಕೆಲವರಿಗೆ ಮಾತ್ರ ಸಿಕ್ಕಿದರೆ ಹೇಳಿದವರಿಗೂ ಸಿಕ್ಕಿದವರಿಗೂ 3. ನಿಮ್ಮ ಚಿತ್ರಕ್ಕೆ ಯಾರಾದರೂ ಮೋಸ ಹೋದರೆ ಓಟಿಗೊಂದರಂತೆ ನಿಮಗೆ. ಆನೆ ಇರುವ ಚಿತ್ರ ಹಿಡಿದುಕೊಂಡು "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಅಂದಿರೋ, ಸೊನ್ನೆ. ಎಲ್ಲರೂ ಆನೆಯನ್ನೇ ತೋರಿಸ್ತಾರೆ. ಅದೇ ಗಾದೆಯನ್ನು ತಲೆ ತಗ್ಗಿಸಿ ಹೋಗುವವನ ಚಿತ್ರಕ್ಕೆ ಹೇಳಿ ನೋಡಿ.

ಗಾದೆ ಗೊತ್ತಿದ್ದವರು ಇಲ್ಲಿ ಗೆಲ್ತಾರೆ, ಅಂದರೆ ಅಜ್ಜಿ. ಬೇರೆ ಯಾವ ಆಟವೂ ಅವರಿಗೆ ಇಂಥ ಮೇಲ್ಗೈ ಕೊಡುವುದಿಲ್ಲ.

ಅಡಿಕೆಸಿಪ್ಪೆ
ಮಕ್ಕಳಿಗೆ ಗಾದೆಯೇ ಗೊತ್ತಿಲ್ಲದಿದ್ದರೆ?

ಮೀಪಲ್_ಮಂಜೇಶ್ವರ
ಗೊತ್ತಿಲ್ಲದಿದ್ದರೆ ಯಾರಿಗೂ ಸಿಗುವುದಿಲ್ಲ, ಅಜ್ಜಿಗೆ ಸೊನ್ನೆ ಬೀಳ್ತದೆ. ಹಾಗಾಗಿ ಅವರೇ ಮಕ್ಕಳಿಗೆ ಎಟಕುವಂಥದ್ದು ಹುಡುಕಬೇಕಾಗ್ತದೆ. ಮಕ್ಕಳೂ ಅಷ್ಟೇ, ಮಲಯಾಳ ಸಿನೆಮಾ ಡಯಲಾಗ್ ಹೊಡೆದರೆ ಅಜ್ಜಿಯ ಓಟು ಸಿಗುವುದಿಲ್ಲ.

ಉಪ್ಪಳ_ಗೇಟ್
ಭಾಷೆ ಮಾತು ಬಂತಲ್ಲ, ಕೋಡ್‌ನೇಮ್ಸ್ ಕನ್ನಡದಲ್ಲಿ ಮಾಡಿದರೆ ಹೇಗೆ? ಅಂಗಡಿಯಲ್ಲಿ ಸಿಗುವುದು ಇಂಗ್ಲಿಷ್. ಆದರೆ ಅದರಲ್ಲಿ ಇರುವುದು ಶಬ್ದದ ಚೀಟಿ ಮಾತ್ರ ಅಲ್ವಾ: 25 ಶಬ್ದ 5×5 ಚೌಕದಲ್ಲಿ. ನಾಯಕರಿಬ್ಬರಿಗೆ ಮಾತ್ರ ಕಾಣುವ ಕೀಲಿ ಚೀಟಿಯಲ್ಲಿ ಮೊದಲು ಆಡುವ ತಂಡಕ್ಕೆ 9, ಇನ್ನೊಂದಕ್ಕೆ 8, ಯಾರದ್ದೂ ಅಲ್ಲದ್ದು 7, ಮುಟ್ಟಿದರೆ ಸೋತದ್ದೇ ಅನ್ನುವ ಕಪ್ಪು 1. ನಾಯಕ ಸುಳಿವಾಗಿ ಒಂದು ಶಬ್ದ, ಅದು ಎಷ್ಟು ಚೀಟಿಗೆ ಅನ್ನುವ ಒಂದು ಅಂಕಿ ಹೇಳಬೇಕು, ಅವನ ತಂಡ ತಮ್ಮ ಚೀಟಿ ಹುಡುಕಬೇಕು.

ಎರಡು ಅರ್ಥ ಇರುವ ಶಬ್ದ ಹಾಕಿದರೆ ಆಟ ಏಳ್ತದೆ. ಕಾಲು, ಅಡಿ, ಹತ್ತು, ತೆರೆ, ನೆರೆ, ಅರಸು, ಕರಿ. ನಮ್ಮೂರಿಗೆ ಚಿಟ್ಟೆ ಕೂಡ: ಹಾರುವುದೂ ಉಂಟು, ಜಗಲಿಯಲ್ಲಿ ನಾವು ಕೂರುವ ಕಟ್ಟೆಯೂ ಉಂಟು.

ಬದಿಯಡ್ಕ_ಬಸ್ಸು
"ಪಟ್ಟಿ" ಹಾಕಿ. ನಾಯಕ "ಬೊಗಳು, 1" ಅಂದರೆ ಮಲಯಾಳ ಗೊತ್ತಿದ್ದವರಿಗೆ ಮಾತ್ರ ಹೊಳೀತದೆ. 😄

ಲೆಕ್ಕದ_ಮಾಸ್ತರ್
ಅದೇ ಜಗಳಕ್ಕೆ ಬೀಜ. ಆಟಕ್ಕೆ ಮೊದಲೇ ಗೊತ್ತು ಮಾಡಿಕೊಳ್ಳಿ: ತುಳು, ಮಲಯಾಳದ ಅರ್ಥ ನಡೆಯುತ್ತದೋ ಇಲ್ಲವೋ. ಕನ್ನಡದಲ್ಲಿ ಇನ್ನೊಂದು ತೊಡಕು ಸಮಾಸ. "ಒಂದೇ ಶಬ್ದ" ಅಂದರೆ "ಮಾವಿನಮರ" ಒಂದಾ ಎರಡಾ? ಬಿಚ್ಚಿದಾಗ ಎರಡೂ ಭಾಗ ತನ್ನಷ್ಟಕ್ಕೆ ಅರ್ಥ ಕೊಡುವಂಥ ಶಬ್ದ ಬೇಡ ಅಂತ ಇಟ್ಟುಕೊಂಡರೆ ಸುಲಭ. ಮೇಜಿನ ಮೇಲೆ "ಮರ" ಇದ್ದಾಗ "ಮರಗಳು", "ಮರದ" ಕೂಡ ಬೇಡ.

ಮುಳ್ಳೇರಿಯ_ಮಳೆ
ಇವರ ಮನೆಗೆ ಅದು ಈಗಲೇ ಬೇಡ ಅಂತ ನನಗೆ. 25 ಶಬ್ದ ಓದುತ್ತಾ ಕೂರುವಷ್ಟು ಹುಡುಗನಿಗೆ ಕನ್ನಡ ಓದು ಹತ್ತಿಲ್ಲ. ಬೇಕೇ ಬೇಕಾದರೆ ಒಂದೇ ಚೀಟಿಯಲ್ಲಿ ಮೇಲೆ ಕನ್ನಡ ಲಿಪಿ, ಕೆಳಗೆ ಅದೇ ಶಬ್ದ ಮಲಯಾಳ ಲಿಪಿಯಲ್ಲಿ ಬರೆಯಿರಿ. ಇಲ್ಲವಾದರೆ ಇದರದ್ದೇ ಚಿತ್ರದ ಆವೃತ್ತಿ ಉಂಟು, 20 ಚಿತ್ರ 5×4ರಲ್ಲಿ.

ಪೆರ್ಲದವ
ಮ್ಯಾಪಿನ ಮೇಲೆ ರೈಲು ದಾರಿ ಹಾಕುವ ಟಿಕೆಟ್ ಟು ರೈಡ್ ಯಾರೂ ಹೇಳಲೇ ಇಲ್ಲ! ಇಂಡಿಯಾ ಮ್ಯಾಪ್ ಉಂಟು ಅದರಲ್ಲಿ, ಮಕ್ಕಳಿಗೆ ಊರಿನ ಹೆಸರಾದರೂ ಗೊತ್ತಾಗ್ತದೆ.

ಬದಿಯಡ್ಕ_ಬಸ್ಸು
ಇಂಡಿಯಾ ಮ್ಯಾಪ್ ಮೊದಲು ತರಿಸಿ ಕೈಸುಟ್ಟುಕೊಳ್ಳಬೇಡಿ. ಅದು ಬರೀ ಮ್ಯಾಪು ಮತ್ತು ಅದರ ಟಿಕೆಟ್ಟು. ರೈಲು ಡಬ್ಬಿ, ಬಣ್ಣದ ಕಾರ್ಡು ಅದರಲ್ಲಿ ಇಲ್ಲ, ಮೂಲ ಆಟದ್ದೇ ಬೇಕು. ಅದೂ 4 ಜನಕ್ಕೆ. ಮೂಲ ಆಟವೇ 5ಕ್ಕೆ, ತಲಾ 45 ಡಬ್ಬಿ. ಟಿಕೆಟ್ಟು ಗುಟ್ಟಿನದ್ದು, ಊರ ಹೆಸರು ಇಂಗ್ಲಿಷಿನಲ್ಲಿ. ಮ್ಯಾಪಿನ ಚಿತ್ರ ನೋಡಿ ಹೊಂದಿಸಬಹುದು, ಆದರೆ ಅಜ್ಜಿಗೆ ಕನ್ನಡಕ ಹಾಕಿಕೊಂಡೂ ಹುಡುಕಾಟ. ಕರೆಂಟು ಹೋದ ಮೇಲೆ ಎಮರ್ಜೆನ್ಸಿ ಲೈಟಿನಲ್ಲಿ ಕೆಂಪೂ ಕಿತ್ತಳೆಯೂ ಒಂದೇ ಹಾಗೆ ಕಾಣುವುದು ಬೇರೆ. ಬಣ್ಣಕ್ಕೊಂದು ಗುರುತು ಕಾರ್ಡಿನಲ್ಲಿ ಉಂಟು, ಅದನ್ನು ಮೊದಲೇ ತೋರಿಸಿಕೊಡಿ.

ನಾಲ್ಕೇ ಜನ ಉಳಿದ ದಿನಕ್ಕೆ ಕಿಂಗ್‌ಡಾಮಿನೋ ಇದಕ್ಕಿಂತ ಸುಲಭ. 48 ಡಾಮಿನೋ (ಎರಡೆರಡು ಚೌಕದ ಬಿಲ್ಲೆ), 5×5 ಹೊಲ, ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ. ಒಂದೇ ಬಗೆಯ ಚೌಕ ಎಷ್ಟು ಸೇರಿಕೊಂಡಿವೆ × ಅದರಲ್ಲಿ ಕಿರೀಟ ಎಷ್ಟು, ಅಷ್ಟೇ ಲೆಕ್ಕ. ಕಿರೀಟ ಇಲ್ಲದಿದ್ದರೆ ಹನ್ನೆರಡು ಚೌಕ ಇದ್ದರೂ ಸೊನ್ನೆ. ಮಗ್ಗಿಯೂ ಆಯ್ತು.

ಅಡಿಕೆಸಿಪ್ಪೆ
ಎಲ್ಲರೂ ಒಂದೇ ಪಕ್ಷವಾಗಿ ಆಡುವಂಥದ್ದು ಉಂಟಲ್ಲ, ಮುಳುಗುವ ದ್ವೀಪದ್ದು?

ಮೀಪಲ್_ಮಂಜೇಶ್ವರ
ಫರ್ಬಿಡನ್ ಐಲ್ಯಾಂಡ್. 24 ಬಿಲ್ಲೆ, ನಾಲ್ಕು ನಿಧಿ, ಸರದಿಗೆ ಮೂರು ಕೆಲಸ. ಅದೂ 4 ಜನಕ್ಕೆ. ಅಂಥ ಆಟದಲ್ಲಿ ಒಂದೇ ಅಪಾಯ: ಜೋರಿನವರೊಬ್ಬರು ಎಲ್ಲರ ಸರದಿಯನ್ನೂ ತಾವೇ ಆಡಿಬಿಡ್ತಾರೆ. ಸಾಮಾನ್ಯವಾಗಿ ಭಾವಂದಿರು. 😄

ಮುಳ್ಳೇರಿಯ_ಮಳೆ
ಯಾವ ಆಟ ಆದರೂ ಸರಿ, ನಮ್ಮ ಕಡೆ ಮಳೆಯಿಂದ ಉಳಿಸುವುದೇ ದೊಡ್ಡ ಕೆಲಸ, ಅದನ್ನು ಯಾರೂ ಹೇಳಿಲ್ಲ. ಕಾಗದ ತೇವ ಹೀರಿದರೆ ಉಬ್ಬುತ್ತದೆ. ಎರಡು ಬದಿ ಒಂದೇ ಹಾಗೆ ಉಬ್ಬದ ಕಾರಣ ಕಾರ್ಡು ದೋಣಿ ಹಾಗೆ ಬಾಗ್ತದೆ. ಆಮೇಲೆ ಬೂಸರು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಪೆಟ್ಟಿಗೆ, ಅದರ ಜೊತೆ ಬಣ್ಣ ಬದಲಿಸುವ ಸಿಲಿಕಾ ಜೆಲ್. ಬಣ್ಣ ತಿರುಗಿತು ಅಂದರೆ ಹೊಟ್ಟೆ ತುಂಬಿತು ಅಂತ ಲೆಕ್ಕ. ಮಳೆಗಾಲದ ಬಿಸಿಲಿಗೆ ಅದು ಒಣಗುವುದಿಲ್ಲ, 120 ಡಿಗ್ರಿ ಹತ್ತಿರ ಬಿಸಿ ಬೇಕು. ತೇವ ಇದ್ದಾಗಲೇ ಮುಚ್ಚಿದರೆ ಒಳಗೇ ಬೂಸರು ಬೆಳೀತದೆ, ಒಣ ದಿನ ನೋಡಿ ಮುಚ್ಚಿ. ಸಿಲಿಕಾ ಬದಲು ಅಕ್ಕಿ ಇಡಬೇಡಿ, ಹುಳ ಬರ್ತದೆ. ನುಸಿಗುಳಿಗೆಯೂ ಬೇಡ: ಕೆಲವು ಪ್ಲಾಸ್ಟಿಕ್ ಕಾಯಿ ಮೆತ್ತಗಾಗ್ತದೆ, ಮಕ್ಕಳ ಕೈಗೂ ಒಳ್ಳೆಯದಲ್ಲ.

ಬಾಗಿದ ಬೋರ್ಡನ್ನು ಬಿಸಿಲಿಗೆ ಹಾಕಬೇಡಿ. ಕವುಚಿ, ಮೇಲೆ ಸಮವಾಗಿ ಭಾರ ಇಟ್ಟು ಎರಡು ದಿನ ಬಿಡಿ. ಗೋಡೆಗೆ ತಾಗಿದ ಮರದ ಶೆಲ್ಫಿನಲ್ಲಿ ಇಟ್ಟರೆ ಗೆದ್ದಲಿಗೆ ಊಟ.

ಮತ್ತೆ, ಹಲಸಿನ ಹಪ್ಪಳ ತಿನ್ನುವ ಕೈಯಲ್ಲಿ ಕಾರ್ಡು ಮುಟ್ಟುವುದಿಲ್ಲ ಅಂತ ಒಂದು ಕಾನೂನು.

ಉಪ್ಪಳ_ಗೇಟ್
ಹಪ್ಪಳ ಇಲ್ಲದ ಮಳೆಗಾಲ ಎಂತದ್ದಕ್ಕೆ?

ಬದಿಯಡ್ಕ_ಬಸ್ಸು
ಹೇಳಲಿಕ್ಕೆ ಮರೆತದ್ದು: ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಕಂಡರೆ ಅದು ನಕಲು ಅಂತಲೇ ತಿಳಿಯಿರಿ. ಕಾರ್ಕಸಾನಿನ ನಕಲಿನಲ್ಲಿ ಬಿಲ್ಲೆಯ ಬೆನ್ನಿನ ಬಣ್ಣ ಒಂದೊಂದು ಒಂದೊಂದು ಥರ ಇರಬಹುದು, ಎರಡು ಆಟದೊಳಗೆ ಯಾವುದು ಮಠ ಅಂತ ಬೆನ್ನಿನಲ್ಲೇ ಗುರುತು ಸಿಕ್ಕಿಬಿಡ್ತದೆ. ಬಂದ ದಿನವೇ ಎಲ್ಲವನ್ನೂ ಕವುಚಿ ಹರಡಿ ನೋಡಿ, ಎಣಿಸಿಯೂ ಬಿಡಿ.

ಕುಂಬಳೆ_ಕಡಲು
ಎಲ್ಲರಿಗೂ ಉಪಕಾರ. ಈ ವಾರ ಇಸ್ಪೀಟು ಎರಡು ಕಟ್ಟು, ಸ್ಲೀವ್ 100, 64ರವರೆಗೆ. ದುಡ್ಡು ಡಿಕ್ಸಿಟ್‌ಗೆ. ಕಾರ್ಕಸಾನ್ ದೀಪಾವಳಿಗೆ ನೋಡುವ. ಪೆರ್ಲದವರೇ, ಕಟಾನ್ ಈ ವರ್ಷ ಇಲ್ಲ, ಕ್ಷಮಿಸಿ. ಒಂದೇ ಪ್ರಶ್ನೆ: ಅಜ್ಜಿಗೋಸ್ಕರ ಕನ್ನಡ ಅಂಕಿಯಲ್ಲಿ ಬರೆಯಲಾ?

ಲೆಕ್ಕದ_ಮಾಸ್ತರ್
ಬೇಡ, ೬, ೯ ದೊಡ್ಡವರಿಗೇ ಗೊಂದಲ, ಹುಡುಗನಿಗೆ ಕೇಳುವುದೇ ಬೇಡ. ಕ್ಯಾಲೆಂಡರಿನ ಅಂಕಿಯೇ ಇರಲಿ. ಮೇಲಿನ ಎಡ ಮೂಲೆಯಲ್ಲಿ ಒಮ್ಮೆ, ಕಾಗದ ತಿರುಗಿಸಿ ಎದುರಿನ ಮೂಲೆಯಲ್ಲಿ ಇನ್ನೊಮ್ಮೆ. ಅಂಕಿಯ ಅಡಿಗೆ ಗೆರೆ ಎಳೆಯಲಿಕ್ಕೆ ಮರೆಯಬೇಡಿ: 6 ತಿರುಗಿದರೆ 9, 19 ತಿರುಗಿದರೆ 61.

ಪೆರ್ಲದವ
18 ತಿರುಗಿದರೆ 81 ಅಲ್ವಾ?

ಲೆಕ್ಕದ_ಮಾಸ್ತರ್
64ರ ಕಟ್ಟಿನಲ್ಲಿ 81 ಇಲ್ಲವಲ್ಲ ಮಾರಾಯ್ರೆ. ಆದರೂ ಗೆರೆ ಎಳೆಯಿರಿ, ಮುಂದೆ ನೆಂಟರು ಬಂದಾಗ 104 ಬೇಕಾದೀತು.